ಒಂದೇ ಸೂಲಿನ ಎರಡು ಮರಿಗಳು: ಯಾವುದನ್ನು ಆರಿಸೋಣ?



ಪರಿಚಯದವರ ಮನೆಯಲ್ಲಿ ನಾಯಿ ಮರಿ ಹಾಕಿದೆ ಎಂಬ ಸುದ್ದಿ ಕಿವಿಗೆ ಬಿದ್ದರೆ ಸಾಕು, ನಿಮ್ಮಲ್ಲಿ ಅನೇಕರು ಮನೆಯಲ್ಲಿ ಹಟ ಹಿಡಿಯುತ್ತೀರಿ. ಅಪ್ಪ ಅಮ್ಮ ಒಪ್ಪುವ ಹೊತ್ತಿಗೆ ಐದಾರು ಮರಿಗಳಲ್ಲಿ ಹೆಚ್ಚಿನವು ಬೇರೆ ಬೇರೆ ಮನೆಗಳನ್ನು ಸೇರಿರುತ್ತವೆ. "ಇನ್ನು ಎರಡೇ ಉಳಿದಿವೆ, ಯಾವುದು ಬೇಕೋ ನೋಡಿ ತೆಗೆದುಕೊಂಡು ಹೋಗಿ" ಎನ್ನುತ್ತಾರೆ ನಾಯಿಯ ಮನೆಯವರು. ನೀವು ಹೋಗಿ ನೋಡುತ್ತೀರಿ. ಒಂದು ಮರಿ ಬಾಲ ಅಲ್ಲಾಡಿಸುತ್ತ ಓಡಿ ಬಂದು ನಿಮ್ಮ ಚಪ್ಪಲಿ ಕಚ್ಚುತ್ತದೆ. ಇನ್ನೊಂದು ಗೋಡೆಯ ಪಕ್ಕ ಕುಳಿತು ನಿಮ್ಮನ್ನೇ ನೋಡುತ್ತಿರುತ್ತದೆ. ತಾಯಿ ಒಂದೇ, ಹುಟ್ಟಿದ ದಿನ ಒಂದೇ, ಕುಡಿದ ಹಾಲು ಒಂದೇ. ಹಾಗಾದರೆ ಇವುಗಳಲ್ಲಿ ಯಾವುದು ಒಳ್ಳೆಯ ನಾಯಿ ಆಗುತ್ತದೆ?

ಈ ಪ್ರಶ್ನೆಗೆ ಊರಿನಲ್ಲಿ ಉತ್ತರ ಹೇಳುವವರು ಬಹಳ ಮಂದಿ. ಉಗುರು ಎಣಿಸಿ ನೋಡು ಎನ್ನುವವರು ಒಬ್ಬರು. ಕಿವಿ ಹಿಡಿದು ಎತ್ತಿದಾಗ ಕುಂಯ್‌ಗುಟ್ಟದ ಮರಿಯೇ ಧೈರ್ಯಶಾಲಿ ಎನ್ನುವವರು ಇನ್ನೊಬ್ಬರು. ಮೊದಲು ಓಡಿ ಬಂದದ್ದನ್ನೇ ತೆಗೆದುಕೊ, ಅದು ನಿನ್ನನ್ನು ಆರಿಸಿಕೊಂಡಿದೆ ಎನ್ನುವವರು ಮತ್ತೊಬ್ಬರು. ಈ ಮಾತುಗಳಲ್ಲಿ ಹುರುಳೆಷ್ಟು, ನಾವು ನಿಜವಾಗಿ ನೋಡಬೇಕಾದದ್ದು ಏನು ಎಂಬುದನ್ನು ಈ ಲೇಖನದಲ್ಲಿ ಸ್ವಲ್ಪ ವಿವರವಾಗಿ ನೋಡೋಣ.

ಮೊದಲು ಉಗುರಿನ ವಿಷಯ ಮುಗಿಸಿಬಿಡೋಣ. ನಾಯಿಯ ಮುಂಗಾಲುಗಳಲ್ಲಿ ಐದೈದು, ಹಿಂಗಾಲುಗಳಲ್ಲಿ ನಾಲ್ಕು ನಾಲ್ಕು, ಒಟ್ಟು 18 ಉಗುರುಗಳಿರುವುದು ಸಾಮಾನ್ಯ. ಕೆಲವು ನಾಯಿಗಳಿಗೆ ಹಿಂಗಾಲಿನಲ್ಲಿಯೂ ಒಂದೊಂದು ಹೆಚ್ಚಿನ ಬೆರಳು ಮೂಡಿ 20 ಆಗುತ್ತದೆ. ಇದು ವಂಶದಿಂದ ಬರುವ ಶರೀರದ ಲಕ್ಷಣವೇ ಹೊರತು, ನಾಯಿಯ ನಿಯತ್ತಿಗೂ ಅದಕ್ಕೂ ಸಂಬಂಧವಿಲ್ಲ. ಇನ್ನು ಕಿವಿ ಹಿಡಿದು ಎತ್ತುವುದು ಶುದ್ಧ ಹಿಂಸೆ. ಅದರಿಂದ ಮರಿಗೆ ನೋವಾಗುತ್ತದೆ ಎಂಬುದರ ಹೊರತು ಬೇರೇನೂ ತಿಳಿಯುವುದಿಲ್ಲ.

ಒಡಹುಟ್ಟಿದವು ಬೇರೆ ಬೇರೆ ಏಕೆ?

ನಿಮಗೆ ಅಣ್ಣನೋ ತಂಗಿಯೋ ಇದ್ದರೆ ಈ ಪ್ರಶ್ನೆಗೆ ಅರ್ಧ ಉತ್ತರ ಆಗಲೇ ಗೊತ್ತಿದೆ. ಒಂದೇ ಮನೆಯಲ್ಲಿ ಬೆಳೆದರೂ ಇಬ್ಬರ ಸ್ವಭಾವ ಒಂದೇ ಅಲ್ಲ, ಅಲ್ಲವೆ? ಜೀವಶಾಸ್ತ್ರದ ಪಾಠದಲ್ಲಿ ಮನುಷ್ಯನ ಜೀವಕೋಶದಲ್ಲಿ 23 ಜೊತೆ ವರ್ಣತಂತುಗಳಿವೆ ಎಂದು ಓದಿದ್ದೀರಿ. ನಾಯಿಯಲ್ಲಿ 39 ಜೊತೆ, ಅಂದರೆ 78 ವರ್ಣತಂತುಗಳಿವೆ. ತಾಯಿಯ ಅಂಡಾಣುವಿಗೆ ಪ್ರತಿ ಜೊತೆಯಿಂದ ಒಂದು ಮಾತ್ರ ಹೋಗುತ್ತದೆ. ಯಾವುದು ಹೋಗುತ್ತದೆ ಎಂಬುದು ನಾಣ್ಯ ಚಿಮ್ಮಿದ ಹಾಗೆ. ಹೀಗೆ 39 ಸಲ ನಾಣ್ಯ ಚಿಮ್ಮಿದರೆ ಎಷ್ಟು ಬಗೆಯ ಫಲಿತಾಂಶ ಬರಬಹುದೆಂದು ಲೆಕ್ಕ ಹಾಕಿ ನೋಡಿ. 2ನ್ನು 39 ಸಲ ಗುಣಿಸಬೇಕು. ಸುಮಾರು 55 ಸಾವಿರ ಕೋಟಿ! ತಂದೆಯ ಕಡೆಯಿಂದಲೂ ಅಷ್ಟೇ. ಆದ್ದರಿಂದ ಒಂದೇ ಸೂಲಿನ ಎರಡು ಮರಿಗಳ ನಡುವೆ ಸರಾಸರಿ ಅರ್ಧದಷ್ಟು ವಂಶವಾಹಿಗಳು ಮಾತ್ರ ಸಮಾನ. ನಿಮಗೂ ನಿಮ್ಮ ಒಡಹುಟ್ಟಿದವರಿಗೂ ಇರುವ ಸಂಬಂಧವೂ ಇಷ್ಟೇ.

ನಾಯಿಗಳಲ್ಲಿ ಇನ್ನೂ ಒಂದು ವಿಶೇಷವಿದೆ. ಬೆದೆಗೆ ಬಂದ ಹೆಣ್ಣುನಾಯಿ ಕೆಲವು ದಿನಗಳ ಅಂತರದಲ್ಲಿ ಒಂದಕ್ಕಿಂತ ಹೆಚ್ಚು ಗಂಡುನಾಯಿಗಳೊಡನೆ ಕೂಡಬಹುದು. ಆಗ ಒಂದೇ ಸೂಲಿನ ಮರಿಗಳಿಗೆ ತಂದೆ ಬೇರೆ ಬೇರೆ ಇರಲೂಬಹುದು. ನಮ್ಮ ಬೀದಿಗಳಲ್ಲಿ ಒಂದೇ ತಾಯಿಯ ಹಿಂದೆ ಕಪ್ಪು, ಕಂದು, ಮಚ್ಚೆ ಹೀಗೆ ಬಗೆಬಗೆಯ ಮರಿಗಳು ಓಡುವುದನ್ನು ನೀವು ಕಂಡಿರಬಹುದು. ಒಬ್ಬ ತಂದೆಯ ಮರಿಗಳಲ್ಲಿಯೂ ಬಣ್ಣ ಬೇರೆಯಾಗುವುದುಂಟು. ಆದರೆ ಇಂಥ ಸೂಲಿನಲ್ಲಿ ಎರಡನೆಯ ತಂದೆಯ ಸಾಧ್ಯತೆಯೂ ಇದೆ.

ಇದಲ್ಲದೆ ಹುಟ್ಟುವಾಗಿನ ತೂಕ, ಹಾಲು ಸಿಕ್ಕಿದ ಪ್ರಮಾಣ, ಯಾವ ಮರಿಯನ್ನು ಮನೆಯ ಮಕ್ಕಳು ಹೆಚ್ಚಾಗಿ ಎತ್ತಿ ಆಡಿಸಿದರು, ಯಾವುದು ಒಮ್ಮೆ ಕಾಯಿಲೆ ಬಿದ್ದು ಎದ್ದಿತು, ಇವೆಲ್ಲವೂ ಸೇರುತ್ತವೆ. ಗೋಡೆಯ ಪಕ್ಕ ಕುಳಿತ ಮರಿ ಹುಟ್ಟಿನಿಂದಲೇ ಪುಕ್ಕಲು ಎಂದು ಒಂದು ನೋಟದಲ್ಲಿ ತೀರ್ಮಾನಿಸಲು ಆಗುವುದಿಲ್ಲ.

ಎಂಟು ವಾರಗಳ ಲೆಕ್ಕ

ಮರಿಯನ್ನು ನೋಡಲು ಹೋದಾಗ ನೀವು ಕೇಳಬೇಕಾದ ಮೊದಲ ಪ್ರಶ್ನೆ, "ಎಷ್ಟು ದಿನದ ಮರಿ?" ಎಂಬುದು. ಏಕೆಂದರೆ ನಾಯಿಮರಿಯ ಬೆಳವಣಿಗೆಯಲ್ಲಿ ಒಂದೊಂದು ವಾರಕ್ಕೂ ಬೆಲೆಯಿದೆ.

ಸುಮಾರು 63 ದಿನಗಳ ಗರ್ಭವಾಸದ ನಂತರ ಹುಟ್ಟುವ ಮರಿಗೆ ಕಣ್ಣು ಕಾಣಿಸದು, ಕಿವಿ ಕೇಳಿಸದು. ಎರಡನೆಯ ವಾರದ ಹೊತ್ತಿಗೆ ಕಣ್ಣು ಬಿಡುತ್ತದೆ, ಅದರ ಹಿಂದೆಯೇ ಕಿವಿಯೂ ತೆರೆಯುತ್ತದೆ. ಮೂರನೆಯ ವಾರದಿಂದ ಮರಿ ಸುತ್ತಲಿನ ಲೋಕವನ್ನು ಗುರುತಿಸತೊಡಗುತ್ತದೆ. ಅಲ್ಲಿಂದ ಹನ್ನೆರಡು ಹದಿನಾಲ್ಕು ವಾರಗಳವರೆಗಿನ ಕಾಲ ಬಹಳ ಮುಖ್ಯ. ಯಾವುದು ನನ್ನವರದು, ಯಾವುದು ಪರಕೀಯ, ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಹೆದರಬೇಕಿಲ್ಲ ಎಂಬ ತಿಳಿವಳಿಕೆ ಮರಿಯಲ್ಲಿ ಬೇರೂರುವುದು ಈ ಅವಧಿಯಲ್ಲಿಯೇ.

ಇದನ್ನು ಮೊದಲು ವಿವರವಾಗಿ ಅಭ್ಯಾಸ ಮಾಡಿದವರಲ್ಲಿ ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ಪ್ರಮುಖರು. ಅಮೆರಿಕದ ಮೇನ್ ರಾಜ್ಯದ ಬಾರ್ ಹಾರ್ಬರ್ ಎಂಬ ಊರಿನ ಜಾಕ್ಸನ್ ಪ್ರಯೋಗಾಲಯದಲ್ಲಿ ಅವರು ಐದು ತಳಿಯ ನಾಯಿಗಳನ್ನು ವರ್ಷಗಟ್ಟಲೆ ಗಮನಿಸಿ, 1965ರಲ್ಲಿ ತಮ್ಮ ಗ್ರಂಥವನ್ನು ಪ್ರಕಟಿಸಿದರು. ಅದೇ ಪ್ರಯೋಗಾಲಯದ ಇನ್ನೊಂದು ಅಧ್ಯಯನ 1961ರಲ್ಲಿ ಹೊರಬಂತು. ಬೇಲಿ ಹಾಕಿದ ವಿಶಾಲವಾದ ಬಯಲಿನಲ್ಲಿ ಕಾಕರ್ ಸ್ಪ್ಯಾನಿಯಲ್ ಮತ್ತು ಬೀಗಲ್ ಮರಿಗಳನ್ನು ಮನುಷ್ಯರ ಸಂಪರ್ಕವಿಲ್ಲದಂತೆ ತಾಯಿಯೊಡನೆ ಬೆಳೆಸಿದರು. ಬೇರೆ ಬೇರೆ ವಯಸ್ಸಿನಲ್ಲಿ ಕೆಲವು ಮರಿಗಳನ್ನು ಒಂದು ವಾರದ ಮಟ್ಟಿಗೆ ಒಳಗೆ ತಂದು, ದಿನವೂ ಮನುಷ್ಯರೊಡನೆ ಸ್ವಲ್ಪ ಹೊತ್ತು ಇರಿಸಿದರು. ಹದಿನಾಲ್ಕು ವಾರಗಳವರೆಗೂ ಮನುಷ್ಯರ ಒಡನಾಟವೇ ಇಲ್ಲದೆ ಬೆಳೆದ ಮರಿಗಳು ಮನುಷ್ಯರನ್ನು ಕಂಡರೆ ಕಾಡುಪ್ರಾಣಿಗಳಂತೆ ದೂರ ಓಡಿದವು. ನಡುವಿನ ವಾರಗಳಲ್ಲಿ ಕೆಲವೇ ದಿನ ಮನುಷ್ಯರೊಡನೆ ಆಡಿದ ಮರಿಗಳು ಅವರೊಡನೆ ಬೆರೆತವು.

ಹಾಗೆಂದು ಮೂರು ನಾಲ್ಕು ವಾರದ ಮರಿಯನ್ನೇ ಮನೆಗೆ ತಂದುಬಿಟ್ಟರೆ ಒಳ್ಳೆಯದೆ? ಖಂಡಿತ ಅಲ್ಲ. ಆ ವಯಸ್ಸಿನಲ್ಲಿ ತಾಯಿಯೂ ಒಡಹುಟ್ಟಿದವೂ ಮರಿಗೆ ಗುರುಗಳು. ಆಟದಲ್ಲಿ ಜೋರಾಗಿ ಕಚ್ಚಿದರೆ ಜೊತೆಯ ಮರಿ ಚೀರಿ ಆಟ ಬಿಟ್ಟುಬಿಡುತ್ತದೆ. ತಾಯಿ ಗುರ್ ಎನ್ನುತ್ತದೆ. ಎಷ್ಟು ಕಚ್ಚಿದರೆ ಆಟ, ಎಷ್ಟು ಕಚ್ಚಿದರೆ ತಪ್ಪು ಎಂಬ ಪಾಠ ಮರಿಗೆ ಹೀಗೆ ಆಗುತ್ತದೆ. ನಮ್ಮ ದೇಶದಲ್ಲಿ ನಾಯಿ ಸಾಕಾಣಿಕೆ ಮತ್ತು ಮಾರಾಟದ ಬಗ್ಗೆ 2017ರಲ್ಲಿ ಬಂದ ನಿಯಮಗಳು ಎಂಟು ವಾರ ತುಂಬದ ಮರಿಯನ್ನು ಮಾರಬಾರದೆಂದು ಹೇಳುತ್ತವೆ. ಆದ್ದರಿಂದ "ಒಂದು ತಿಂಗಳಾಯಿತು, ತೆಗೆದುಕೊಂಡು ಹೋಗಿ" ಎಂದು ಯಾರಾದರೂ ಅವಸರಪಡಿಸಿದರೆ, ಇನ್ನೊಂದು ತಿಂಗಳು ತಾಯಿಯ ಬಳಿಯೇ ಇರಲಿ, ನಡುನಡುವೆ ಬಂದು ನೋಡುತ್ತೇವೆ ಎಂದು ಹೇಳಿ. ಈ ಕಾಯುವಿಕೆಯಿಂದ ಇನ್ನೊಂದು ಲಾಭವೂ ಇದೆ. ಅದನ್ನು ಮುಂದೆ ನೋಡೋಣ.

ಪರೀಕ್ಷೆ ಮಾಡಿ ಆರಿಸಬಹುದೆ?

ಮರಿಗಳ ಸ್ವಭಾವವನ್ನು ಪರೀಕ್ಷಿಸುವ ಪದ್ಧತಿಗಳು ಅಮೆರಿಕದಲ್ಲಿ 1970ರ ದಶಕದಲ್ಲಿ ಬಹಳ ಪ್ರಚಾರಕ್ಕೆ ಬಂದವು. ಏಳು ವಾರದ ಆಸುಪಾಸಿನ ಮರಿಯನ್ನು ಹೊಸ ಜಾಗಕ್ಕೆ ಒಯ್ದು ಕರೆದಾಗ ಬರುತ್ತದೆಯೆ, ಹಿಂದೆ ಬರುತ್ತದೆಯೆ, ಮೆಲ್ಲಗೆ ಅಂಗಾತ ಮಲಗಿಸಿದರೆ ಕೊಸರಾಡುತ್ತದೆಯೆ, ಸದ್ದಾದರೆ ಬೆಚ್ಚುತ್ತದೆಯೆ ಎಂದು ನೋಡಿ ಅಂಕ ಕೊಡುವ ಪದ್ಧತಿ ಇದು. ಕೇಳಲು ಶಾಸ್ತ್ರೀಯವಾಗಿಯೇ ಇದೆ. ಆದರೆ ಹೀಗೆ ಅಂಕ ಪಡೆದ ಮರಿಗಳು ದೊಡ್ಡವಾದ ಮೇಲೆ ಹೇಗಾದವು?

ಸ್ವೀಡನ್ನಿನಲ್ಲಿ ಆರುನೂರಕ್ಕೂ ಹೆಚ್ಚು ಜರ್ಮನ್ ಶೆಫರ್ಡ್ ಮರಿಗಳನ್ನು ಎಂಟು ವಾರದ ವಯಸ್ಸಿನಲ್ಲಿ ಪರೀಕ್ಷಿಸಿ, ಬೆಳೆದ ಮೇಲೆ ಅವು ಕೆಲಸಕ್ಕೆ ಎಷ್ಟು ಯೋಗ್ಯವಾದವು ಎಂದು ಹೋಲಿಸಿ ನೋಡಿದರು. 1998ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ, ಮರಿಯ ಪರೀಕ್ಷೆಯಿಂದ ಬೆಳೆದ ನಾಯಿಯ ಯೋಗ್ಯತೆಯನ್ನು ಮುಂಚಿತವಾಗಿ ಹೇಳಲು ಆಗಲಿಲ್ಲ. ಆಸ್ಟ್ರಿಯಾದ ವಿಯೆನ್ನಾದಲ್ಲಿ ಬಾರ್ಡರ್ ಕೋಲಿ ನಾಯಿಗಳನ್ನು ಹುಟ್ಟಿದ ಕೂಡಲೇ ಒಮ್ಮೆ, ಆರೇಳು ವಾರವಾದಾಗ ಒಮ್ಮೆ, ಒಂದೂವರೆ ಎರಡು ವರ್ಷವಾದಾಗ ಮತ್ತೊಮ್ಮೆ ಪರೀಕ್ಷಿಸಿದರು. 2014ರಲ್ಲಿ ಬಂದ ಫಲಿತಾಂಶವೂ ಹೆಚ್ಚುಕಡಿಮೆ ಅದೇ. ಹೊಸ ಜಾಗವನ್ನು ಸುತ್ತಾಡಿ ಮೂಸಿ ನೋಡುವ ಚಟುವಟಿಕೆಯೊಂದರಲ್ಲಿ ಮಾತ್ರ ಮರಿಗೂ ಬೆಳೆದ ನಾಯಿಗೂ ಹೊಂದಿಕೆ ಕಂಡಿತು. ಉಳಿದ ಗುಣಗಳಲ್ಲಿ ಕಾಣಲಿಲ್ಲ.

ಇದರ ಅರ್ಥವೇನು? ಇಂದು ಓಡಿ ಬಂದ ಮರಿ ನಾಳೆ ದೊಡ್ಡ ಕಾವಲುಗಾರ ಆಗಿಯೇ ತೀರುತ್ತದೆ ಎಂದಾಗಲೀ, ಇಂದು ಮೂಲೆಯಲ್ಲಿ ಕುಳಿತದ್ದು ಕೊನೆಯವರೆಗೆ ಮೂಲೆಯಲ್ಲಿಯೇ ಕೂರುತ್ತದೆ ಎಂದಾಗಲೀ ಹೇಳಲಾಗದು. ಓಡಿ ಬಂದ ಮರಿ ಈಗಷ್ಟೇ ನಿದ್ದೆ ತಿಳಿದೆದ್ದಿರಬಹುದು. ಕುಳಿತ ಮರಿ ಹೊಟ್ಟೆತುಂಬ ಉಂಡಿರಬಹುದು. ಒಂದು ಮರಿ ಪರೀಕ್ಷೆಯ ದಿನ ಮಂಕಾಗಿತ್ತೆಂದು ಅದರ ಇಡೀ ಬಾಳಿಗೆ ಅಂಕಪಟ್ಟಿ ಬರೆದುಬಿಡುವುದು ಎಷ್ಟು ಅನ್ಯಾಯ ಎಂಬುದು ಪರೀಕ್ಷೆ ಬರೆಯುವ ನಿಮಗೇ ಚೆನ್ನಾಗಿ ಗೊತ್ತು.

ಕಾಯುವುದರಿಂದ ಲಾಭವಿದೆ ಎಂದು ಹೇಳಿದೆವಲ್ಲ, ಅದು ಇಲ್ಲಿದೆ. ಒಂದೇ ದಿನ ನೋಡಿ ತೀರ್ಮಾನಿಸಬೇಡಿ. ಬೇರೆ ಬೇರೆ ಹೊತ್ತಿನಲ್ಲಿ ಕನಿಷ್ಠ ಮೂರು ಸಲ ಹೋಗಿ. ಬೆಳಿಗ್ಗೆ ಒಮ್ಮೆ, ಊಟಕ್ಕೆ ಮುಂಚೆ ಒಮ್ಮೆ, ಸಂಜೆ ಆಟದ ಹೊತ್ತಿಗೆ ಒಮ್ಮೆ. ನೆಲದ ಮೇಲೆ ಸುಮ್ಮನೆ ಕುಳಿತುಕೊಳ್ಳಿ. ಮರಿಯನ್ನು ಹಿಡಿಯಲು ಹೋಗಬೇಡಿ. ಸ್ವಲ್ಪ ದೂರದಲ್ಲಿ ಬೀಗದ ಕೈ ಗೊಂಚಲನ್ನು ಬೀಳಿಸಿ ನೋಡಿ. ಯಾವ ಮರಿಯಾದರೂ ಬೆಚ್ಚುತ್ತದೆ. ಬೆಚ್ಚಿದ ಮೇಲೆ ಎಷ್ಟು ಹೊತ್ತಿಗೆ ಚೇತರಿಸಿಕೊಂಡು ಮತ್ತೆ ಆಟಕ್ಕೆ ಬರುತ್ತದೆ ಎಂಬುದನ್ನು ಗಮನಿಸಿ. ಮೂರು ಸಲ ಹೋದಾಗಲೂ ತನ್ನದೇ ಮನೆಯಲ್ಲಿ, ತನ್ನ ತಾಯಿಯ ಪಕ್ಕದಲ್ಲಿ ಕೂಡ ನಡುಗುತ್ತ ಅಡಗಿಕೊಳ್ಳುವ ಮರಿಯಿದ್ದರೆ, ಅದಕ್ಕೆ ತಾಳ್ಮೆಯ, ಅನುಭವವುಳ್ಳ ಮನೆ ಬೇಕು. ಮೊದಲ ಸಲ ನಾಯಿ ಸಾಕುವವರಿಗೆ ಅದು ಕಷ್ಟ. ತಾಯಿಯನ್ನೂ ಗಮನಿಸಿ. ಪರಿಚಯವಾದ ಮೇಲೂ ತಾಯಿ ವಿಪರೀತ ಅಂಜುವುದಾದರೆ ಅಥವಾ ಮೈಮೇಲೆ ಬರುವುದಾದರೆ ಕಾರಣ ಕೇಳಿ ತಿಳಿದುಕೊಳ್ಳಿ.

ಕಣ್ಣಿಟ್ಟು ನೋಡಬೇಕಾದದ್ದು ಆರೋಗ್ಯ

ಸ್ವಭಾವವನ್ನು ಊಹಿಸುವುದು ಕಷ್ಟ. ಆರೋಗ್ಯವನ್ನು ನೋಡುವುದು ಅಷ್ಟು ಕಷ್ಟವಲ್ಲ. ಎರಡು ಮರಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸ ಬೇಗ ಕಾಣುತ್ತದೆ.

ಕಣ್ಣು ತಿಳಿಯಾಗಿರಬೇಕು, ಪಿಸುರು ಕಟ್ಟಿರಬಾರದು. ಮೂಗಿನಿಂದ ಗಟ್ಟಿ ಸಿಂಬಳ ಸುರಿಯಬಾರದು. ಕಿವಿಯೊಳಗೆ ಕೆಟ್ಟ ವಾಸನೆ ಬರಬಾರದು. ತುಟಿಯನ್ನು ಮೆಲ್ಲಗೆ ಎತ್ತಿ ಒಸಡು ನೋಡಿ, ಅದು ನಸುಗೆಂಪಾಗಿರಬೇಕು. ಬಿಳಿಚಿಕೊಂಡಿದ್ದರೆ ರಕ್ತಹೀನತೆ ಇರಬಹುದು. ಕೊಕ್ಕೆಹುಳುಗಳೂ, ಮೈತುಂಬ ಹತ್ತಿದ ಉಣ್ಣೆ ಚಿಗಟಗಳೂ ಪುಟ್ಟ ಮರಿಯ ರಕ್ತವನ್ನು ಹೀರಿ ಹೀಗೆ ಮಾಡುತ್ತವೆ. ಪಕ್ಕೆಲುಬು ಕಾಣುತ್ತಿದ್ದು ಹೊಟ್ಟೆ ಮಾತ್ರ ಗುಡಾಣದಂತಿದ್ದರೆ, ಅದನ್ನು ಪುಷ್ಟಿ ಎಂದು ಭಾವಿಸಬೇಡಿ. ಅದು ಹೆಚ್ಚಾಗಿ ಜಂತುಹುಳುವಿನ ಲಕ್ಷಣ. ಈ ಹುಳುಗಳು ತಾಯಿಯ ಗರ್ಭದಲ್ಲಿಯೇ ಮರಿಗೆ ಬರಬಲ್ಲವು. ಆದ್ದರಿಂದ ಹುಟ್ಟಿದ ಎರಡು ಮೂರು ವಾರದಿಂದಲೇ ಜಂತುಹುಳುವಿನ ಔಷಧ ಕೊಡಿಸುವುದು ವಾಡಿಕೆ. ಕೊಡಿಸಿದ್ದಾರೆಯೆ ಎಂದು ಕೇಳಿ. ಹೊಕ್ಕುಳಿನ ಬಳಿ ಮೆತ್ತನೆಯ ಗಂಟಿದ್ದರೆ ಪಶುವೈದ್ಯರಿಗೆ ತೋರಿಸಬೇಕು. ಮರಿ ನಾಲ್ಕೂ ಕಾಲನ್ನು ಸಮನಾಗಿ ಊರಿ ನಡೆಯಬೇಕು. ಹಿಂದಿನಿಂದ ಚಪ್ಪಾಳೆ ತಟ್ಟಿದರೆ ತಿರುಗಿ ನೋಡಬೇಕು. ಮೈಯೆಲ್ಲ ಬಿಳಿ ಇರುವ ಮರಿಗಳಲ್ಲಿ ಕಿವುಡು ಸ್ವಲ್ಪ ಹೆಚ್ಚಾಗಿ ಕಂಡುಬರುವುದರಿಂದ ಅವುಗಳಲ್ಲಿ ಇದನ್ನು ತಪ್ಪದೆ ನೋಡಿ.

ಇಲ್ಲಿ ಒಂದು ಮುಖ್ಯ ವಿಷಯವಿದೆ. ಎರಡರಲ್ಲಿ ಒಂದು ಮರಿಗೆ ವಾಂತಿ, ರಕ್ತ ಬೆರೆತ ಭೇದಿ ಇದ್ದು ಇನ್ನೊಂದು ಚೆನ್ನಾಗಿದ್ದರೆ, "ಚೆನ್ನಾಗಿರುವುದನ್ನು ತಂದರಾಯಿತು" ಎನಿಸುವುದು ಸಹಜ. ಆದರೆ ಇದು ಪಾರ್ವೋ ವೈರಸ್ಸಿನ ಕಾಯಿಲೆಯಾಗಿರಬಹುದು. 1978ರ ಸುಮಾರಿಗೆ ಜಗತ್ತಿನಾದ್ಯಂತ ಹರಡಿದ ಈ ರೋಗ ಚಿಕಿತ್ಸೆ ಸಿಗದ ಮರಿಗಳನ್ನು ಕೆಲವೇ ದಿನಗಳಲ್ಲಿ ಕೊಲ್ಲುತ್ತದೆ. ಇದರ ವೈರಸ್ಸು ನೆಲದಲ್ಲಿ, ಪಾತ್ರೆಯಲ್ಲಿ, ಚಪ್ಪಲಿಯಲ್ಲಿ ತಿಂಗಳುಗಟ್ಟಲೆ ಉಳಿಯಬಲ್ಲದು. ಒಂದೇ ಗೋಣಿಯ ಮೇಲೆ ಮಲಗುವ, ಒಂದೇ ತಟ್ಟೆಯಲ್ಲಿ ತಿನ್ನುವ ಎರಡು ಮರಿಗಳಲ್ಲಿ ಒಂದಕ್ಕೆ ಬಂದಿದೆ ಎಂದರೆ ಇನ್ನೊಂದಕ್ಕೂ ಸೋಂಕು ತಗುಲಿರುವ ಸಂಭವವೇ ಹೆಚ್ಚು. ಆಗ ಆರಿಸುವ ಮಾತನ್ನು ಬದಿಗಿಟ್ಟು ಎರಡನ್ನೂ ಪಶುವೈದ್ಯರ ಬಳಿಗೆ ಒಯ್ಯಲು ಮನೆಯವರಿಗೆ ಹೇಳಿ, ಸಾಧ್ಯವಾದರೆ ನೀವೂ ನೆರವಾಗಿ. ನಿಮ್ಮ ಮನೆಯಲ್ಲಿ ಈ ಮೊದಲು ಇದೇ ಕಾಯಿಲೆಯಿಂದ ಮರಿ ಸತ್ತಿದ್ದರೆ, ಹೊಸ ಮರಿ ತರುವ ಮೊದಲು ಪಶುವೈದ್ಯರ ಸಲಹೆ ಕೇಳಲೇಬೇಕು.

ಹೆಣ್ಣುಮರಿಯ ಪಾಡು

ಉಳಿದ ಎರಡು ಮರಿಗಳಲ್ಲಿ ಒಂದು ಗಂಡು, ಒಂದು ಹೆಣ್ಣು ಇದ್ದರೆ ನಮ್ಮಲ್ಲಿ ಹೆಚ್ಚಿನವರು ಯೋಚಿಸುವುದೇ ಇಲ್ಲ, ಗಂಡನ್ನು ಎತ್ತಿಕೊಳ್ಳುತ್ತಾರೆ. ಹೆಣ್ಣುಮರಿಗಳನ್ನು ಚೀಲದಲ್ಲಿ ತುಂಬಿ ಊರಾಚೆ, ಸಂತೆಮಾಳದಲ್ಲಿ, ಹೆದ್ದಾರಿಯ ಬದಿಯಲ್ಲಿ ಬಿಟ್ಟು ಬರುವುದನ್ನು ನೀವೂ ನೋಡಿರಬಹುದು. ತಾಯಿಯಿಲ್ಲದ, ಬೇಟೆಯಾಡಲು ಬಾರದ ಆ ಮರಿಗಳಲ್ಲಿ ಬಹಳಷ್ಟು ಹಸಿವಿನಿಂದಲೋ ವಾಹನಕ್ಕೆ ಸಿಕ್ಕಿಯೋ ಸಾಯುತ್ತವೆ. ಸಾಕುಪ್ರಾಣಿಯನ್ನು ಹಸಿವು ಬಾಯಾರಿಕೆಗಳಿಂದ ನರಳುವಂತೆ ಬಿಟ್ಟುಬಿಡುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಪ್ರಕಾರ ಅಪರಾಧ.

ಹೆಣ್ಣು ಬೇಡ ಎನ್ನುವವರ ಕಾರಣ ಒಂದೇ: ಅದು ವರ್ಷಕ್ಕೆ ಒಂದೆರಡು ಸಲ ಬೆದೆಗೆ ಬರುತ್ತದೆ, ಮರಿ ಹಾಕುತ್ತದೆ, ಮರಿಗಳನ್ನು ಏನು ಮಾಡುವುದು? ಚಿಂತೆ ನಿಜವಾದದ್ದೇ. ಆದರೆ ಅದಕ್ಕೆ ಪರಿಹಾರವಿದೆ. ಸಂತಾನಹರಣ ಶಸ್ತ್ರಚಿಕಿತ್ಸೆಯನ್ನು ಪಶುವೈದ್ಯರು ಮಾಡುತ್ತಾರೆ. ಯಾವ ವಯಸ್ಸಿಗೆ ಎಂಬುದನ್ನು ಅವರೇ ಹೇಳುತ್ತಾರೆ. ಬೀದಿನಾಯಿಗಳಿಗೆ ಈ ಚಿಕಿತ್ಸೆಯನ್ನೂ ಹುಚ್ಚುನಾಯಿ ರೋಗದ ಲಸಿಕೆಯನ್ನೂ ಮಾಡಿಸುವ ಹೊಣೆಯನ್ನು 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು ಸ್ಥಳೀಯ ಸಂಸ್ಥೆಗಳಿಗೆ ವಹಿಸಿವೆ. ಸಾಕಿದ ನಾಯಿಯ ಹೊಣೆ ಸಾಕಿದವರದು. ಗಂಡುನಾಯಿಗೂ ತನ್ನ ತೊಂದರೆಗಳಿಲ್ಲದಿಲ್ಲ. ಬೆದೆಯ ಹೆಣ್ಣಿನ ವಾಸನೆ ಹಿಡಿದು ಮನೆ ಬಿಟ್ಟು ಅಲೆಯುವುದು, ಬೇರೆ ನಾಯಿಗಳೊಡನೆ ಕಾದಾಡಿ ಗಾಯ ಮಾಡಿಕೊಳ್ಳುವುದು ಗಂಡುನಾಯಿಯಲ್ಲಿಯೇ ಹೆಚ್ಚು. ಮನೆ ಕಾಯುವುದರಲ್ಲಾಗಲಿ, ಮಕ್ಕಳೊಡನೆ ಬೆರೆಯುವುದರಲ್ಲಾಗಲಿ ಹೆಣ್ಣುನಾಯಿ ಕಡಿಮೆಯಲ್ಲ. ಆದ್ದರಿಂದ ಹೆಣ್ಣೆಂಬ ಒಂದೇ ಕಾರಣಕ್ಕೆ ಮರಿಯನ್ನು ಬಿಟ್ಟುಬರಬೇಡಿ ಎಂದು ಮನೆಯವರಿಗೆ ವಿವರಿಸಿ ಹೇಳಬಲ್ಲವರು ನೀವೇ.

ಮರಿಗಿಂತ ಮೊದಲು ಮನೆಯನ್ನು ನೋಡಿ

ಎರಡು ಮರಿಗಳ ನಡುವಿನ ವ್ಯತ್ಯಾಸವನ್ನೇ ನೋಡುತ್ತ ಕುಳಿತಾಗ ದೊಡ್ಡ ವಿಷಯವೊಂದು ಮರೆತುಹೋಗುತ್ತದೆ. ನಮ್ಮ ನಾಡಿನದೇ ಉದಾಹರಣೆ ತೆಗೆದುಕೊಳ್ಳೋಣ. ಬಾಗಲಕೋಟೆ ಜಿಲ್ಲೆಯ ಮುಧೋಳ ಬೇಟೆನಾಯಿಯ ಹೆಸರನ್ನು ಕೇಳದವರಿಲ್ಲ. ಮುಧೋಳದ ಘೋರ್ಪಡೆ ಅರಸರ ಆಶ್ರಯದಲ್ಲಿ ಹೆಸರಾದ ಈ ತಳಿಯ ಚಿತ್ರವುಳ್ಳ ಅಂಚೆಚೀಟಿಯನ್ನು ಭಾರತೀಯ ಅಂಚೆ ಇಲಾಖೆ 2005ರಲ್ಲಿ ಹೊರತಂದಿತು. ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರವೂ ಇದೆ. ನೀಳವಾದ ಕಾಲು, ಆಳವಾದ ಎದೆಗೂಡು, ಸಣ್ಣ ಸೊಂಟ. ಈ ಶರೀರ ಇರುವುದೇ ಓಡುವುದಕ್ಕೆ. ಒಂದೇ ಸೂಲಿನ ಎರಡು ಮುಧೋಳ ಮರಿಗಳಲ್ಲಿ ಒಂದು ಚುರುಕು, ಒಂದು ಸೌಮ್ಯ ಇರಬಹುದು. ಆದರೆ ಬೆಳೆದ ಮೇಲೆ ಎರಡಕ್ಕೂ ದಿನವೂ ಮೈಮುರಿದು ಓಡಲು ಬಯಲು ಬೇಕು. ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ದಿನವಿಡೀ ಸರಪಳಿಯಲ್ಲಿ ಕಟ್ಟಿಹಾಕುವುದಾದರೆ ಸೌಮ್ಯವಾದದ್ದನ್ನು ಆರಿಸಿದ್ದರಿಂದ ಏನೂ ಪ್ರಯೋಜನವಾಗದು.

ಹಾಗೆಂದು ತಳಿಯೇ ಎಲ್ಲವೂ ಅಲ್ಲ. ಹದಿನೆಂಟು ಸಾವಿರಕ್ಕೂ ಹೆಚ್ಚು ನಾಯಿಗಳ ಬಗ್ಗೆ ಅವುಗಳ ಒಡೆಯರಿಂದ ಮಾಹಿತಿ ಪಡೆದು ಅಮೆರಿಕದ ವಿಜ್ಞಾನಿಗಳು 2022ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ನಾಯಿ ನಾಯಿಗಳ ನಡುವಿನ ನಡವಳಿಕೆಯ ವ್ಯತ್ಯಾಸದಲ್ಲಿ ತಳಿಯಿಂದ ವಿವರಿಸಲು ಆಗುವುದು ಕೇವಲ 9 ಶೇಕಡಾದಷ್ಟು. ಆದ್ದರಿಂದ ನಮ್ಮ ಬೀದಿಯ ನಾಡುನಾಯಿಯ ಮರಿಯನ್ನು ಕೀಳೆಂದು ತಿಳಿಯಲು ಕಾರಣವಿಲ್ಲ. ನಮ್ಮ ಹವೆಗೆ ಒಗ್ಗಿದ ನಾಯಿ ಅದು.

ನಿಮ್ಮ ಮನೆಯ ಬಗ್ಗೆ ಈ ಪ್ರಶ್ನೆಗಳನ್ನು ಕೇಳಿಕೊಳ್ಳಿ. ನಾಯಿ ಸಾಮಾನ್ಯವಾಗಿ ಹತ್ತರಿಂದ ಹದಿನಾಲ್ಕು ವರ್ಷ ಬದುಕುತ್ತದೆ. ನೀವು ಈಗ ಒಂಬತ್ತನೆಯ ತರಗತಿಯಲ್ಲಿದ್ದರೆ, ಅದು ಮುದಿಯಾಗುವ ಹೊತ್ತಿಗೆ ನೀವು ಓದು ಮುಗಿಸಿ ಬೇರೆ ಊರಿನಲ್ಲಿ ಕೆಲಸದಲ್ಲಿರುತ್ತೀರಿ. ಹಾಸ್ಟೆಲಿಗೆ ಹೋದರೆ ಅದನ್ನು ನೋಡಿಕೊಳ್ಳುವವರು ಯಾರು? ಪರೀಕ್ಷೆಯ ತಿಂಗಳಲ್ಲಿ ಬೆಳಿಗ್ಗೆ ಸಂಜೆ ಹೊರಗೆ ಕರೆದೊಯ್ಯುವವರು ಯಾರು? ಅಜ್ಜಿಗೆ ನಾಯಿ ಕಂಡರೆ ಆಗದಿದ್ದರೆ? ಮನೆಯ ಮಾಲೀಕರು ಒಪ್ಪುತ್ತಾರೆಯೆ? ಇವುಗಳಿಗೆ ಉತ್ತರ ಸಿಗದಿದ್ದರೆ ಎರಡರಲ್ಲಿ ಯಾವುದನ್ನೂ ತರದಿರುವುದೇ ಸರಿಯಾದ ಆಯ್ಕೆ.

ಎರಡನ್ನೂ ತಂದರೆ?

"ಒಂದನ್ನು ಬಿಟ್ಟು ಬರಲು ಮನಸ್ಸಾಗುವುದಿಲ್ಲ, ಎರಡನ್ನೂ ತರೋಣ" ಎಂದು ಕೆಲವರು ಹೇಳುತ್ತಾರೆ. ಮನಸ್ಸು ಒಳ್ಳೆಯದೇ. ಆದರೆ ಒಂದೇ ವಯಸ್ಸಿನ ಎರಡು ಮರಿಗಳು ತಮ್ಮತಮ್ಮಲ್ಲೇ ಮುಳುಗಿ, ಮನೆಯವರ ಮಾತಿಗೆ ಕಿವಿಗೊಡುವುದು ಕಡಿಮೆಯಾಗಬಹುದು ಎಂದು ತರಬೇತುದಾರರಲ್ಲಿ ಬಹಳ ಮಂದಿ ಎಚ್ಚರಿಸುತ್ತಾರೆ. ಎರಡನ್ನೂ ಸಾಕುವುದಾದರೆ ಪ್ರತ್ಯೇಕವಾಗಿ ಉಣಿಸಬೇಕು, ಪ್ರತ್ಯೇಕವಾಗಿ ತಿರುಗಾಡಿಸಬೇಕು, ಪ್ರತ್ಯೇಕವಾಗಿ ಕಲಿಸಬೇಕು. ಲಸಿಕೆ, ಔಷಧ, ಆಹಾರದ ಖರ್ಚೂ ಎರಡರಷ್ಟು. ಜಾಗವೂ ಜನವೂ ಇರುವ ತೋಟದ ಮನೆಗೆ ಇದು ಸಾಧ್ಯವಾದೀತು. ಉಳಿದವರಿಗೆ ಇನ್ನೊಂದು ದಾರಿಯಿದೆ. ಒಂದನ್ನು ನೀವು ತನ್ನಿ, ಇನ್ನೊಂದಕ್ಕೆ ನಿಮ್ಮ ಸ್ನೇಹಿತರ, ನೆಂಟರ ನಡುವೆ ಒಂದು ಮನೆ ಹುಡುಕಿಕೊಡಿ.

ತಂದ ಮೇಲಿನ ಮೊದಲ ವಾರಗಳು

ಮೂರನೆಯ ವಾರದಿಂದ ಹದಿನಾಲ್ಕನೆಯ ವಾರದವರೆಗಿನ ಅವಧಿಯನ್ನು ನೆನಪಿಸಿಕೊಳ್ಳಿ. ಎಂಟು ವಾರದ ಮರಿಯನ್ನು ತಂದರೆ ಆ ಅವಧಿಯ ಅರ್ಧ ಭಾಗ ನಿಮ್ಮ ಕೈಯಲ್ಲಿ ಉಳಿದಿದೆ. ಮರಿ ಮುಂದೆ ಎಂಥ ನಾಯಿಯಾಗುತ್ತದೆ ಎಂಬುದರಲ್ಲಿ, ನೀವು ಆರಿಸಿದ ಆ ಒಂದು ಗಳಿಗೆಗಿಂತ ಈ ಆರು ವಾರಗಳ ಪಾಲೇ ದೊಡ್ಡದು.

ಮೊದಲ ರಾತ್ರಿಗಳಲ್ಲಿ ಮರಿ ಅಳುತ್ತದೆ. ಹೊಡೆಯಬೇಡಿ. ತಾಯಿ ಮಲಗುತ್ತಿದ್ದ ಬಟ್ಟೆಯ ತುಂಡೊಂದನ್ನು ತಂದು ಹಾಸಿ, ನೀವು ಮಲಗುವ ಕಡೆಯೇ ಹತ್ತಿರದಲ್ಲಿ ಇರಿಸಿ. ಹಳೆಯ ಮನೆಯಲ್ಲಿ ತಿನ್ನುತ್ತಿದ್ದ ಆಹಾರವನ್ನೇ ಕೆಲವು ದಿನ ಮುಂದುವರಿಸಿ, ಆಮೇಲೆ ನಿಧಾನವಾಗಿ ಬದಲಿಸಿ. ದಿನಕ್ಕೆ ಮೂರು ನಾಲ್ಕು ಸಲ ಸ್ವಲ್ಪ ಸ್ವಲ್ಪ ಕೊಡಬೇಕು. ಹಸುವಿನ ಹಾಲು ಕೆಲವು ಮರಿಗಳಿಗೆ ಭೇದಿ ತರುತ್ತದೆ. ಬರೀ ಅನ್ನ, ಬರೀ ಮುದ್ದೆಯಿಂದ ಬೆಳೆಯುವ ಮರಿಗೆ ಸಾಲದು. ಮೊಟ್ಟೆಯೋ ಮಾಂಸವೋ ಸೇರಬೇಕು. ಸಸ್ಯಾಹಾರದ ಮನೆಯವರು ಪಶುವೈದ್ಯರನ್ನು ಕೇಳಿ ಹೊಂದಿಸಿಕೊಳ್ಳಬೇಕು. ಈರುಳ್ಳಿ, ಚಾಕೊಲೇಟ್, ದ್ರಾಕ್ಷಿ ನಾಯಿಗೆ ವಿಷವಾಗಬಲ್ಲವು.

ಲಸಿಕೆಗಳು ಆರರಿಂದ ಎಂಟು ವಾರದ ವಯಸ್ಸಿನಲ್ಲಿ ಆರಂಭವಾಗಿ, ಮೂರು ನಾಲ್ಕು ವಾರಗಳಿಗೊಮ್ಮೆ ಸುಮಾರು ಹದಿನಾರು ವಾರದವರೆಗೆ ಮುಂದುವರಿಯುತ್ತವೆ. ಹುಚ್ಚುನಾಯಿ ರೋಗದ ಲಸಿಕೆಯನ್ನು ಮೂರು ತಿಂಗಳ ವಯಸ್ಸಿಗೆ ಹಾಕಿಸಿ, ವೈದ್ಯರು ಹೇಳಿದಂತೆ ಮುಂದಿನವನ್ನೂ ತಪ್ಪಿಸದಿರಿ. ಈ ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಮನುಷ್ಯರು ಉಳಿಯುವುದು ಅತ್ಯಂತ ಅಪರೂಪ. ಆದ್ದರಿಂದ ನಾಯಿ, ಅದು ಪುಟ್ಟ ಮರಿಯೇ ಆಗಿರಲಿ, ಕಚ್ಚಿದರೆ ಅಥವಾ ಪರಚಿ ಗಾಯವಾದರೆ, ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗಿ. ಬೈಯುತ್ತಾರೆಂದು ಹೆದರಿ ಮನೆಯಲ್ಲಿ ಮುಚ್ಚಿಡಬೇಡಿ.

ಲಸಿಕೆಗಳು ಮುಗಿಯುವವರೆಗೆ ಬೇರೆ ನಾಯಿಗಳು ಓಡಾಡುವ ನೆಲದಲ್ಲಿ ಮರಿಯನ್ನು ಬಿಡಬೇಡಿ. ಆದರೆ ಅದಕ್ಕೆ ಲೋಕವನ್ನು ತೋರಿಸುವುದನ್ನು ನಿಲ್ಲಿಸಬೇಡಿ. ಎತ್ತಿಕೊಂಡು ಗೇಟಿನ ಬಳಿ ನಿಂತು ಬಸ್ಸು, ಸ್ಕೂಟರು, ಕೊಡೆ ಹಿಡಿದವರು, ಸಮವಸ್ತ್ರದ ಅಂಚೆಯವರು, ಗಡ್ಡದ ತಾತ, ಗಲಾಟೆ ಮಾಡುವ ಮಕ್ಕಳು ಎಲ್ಲರನ್ನೂ ತೋರಿಸಿ. ಕುಕ್ಕರಿನ ಸೀಟಿ, ಮಿಕ್ಸಿಯ ಸದ್ದು ಕೇಳಿಸುವಾಗ ತಿನ್ನಲು ಏನಾದರೂ ಕೊಡಿ. ಹೆದರಿದರೆ ಬಲವಂತ ಮಾಡದೆ ಸ್ವಲ್ಪ ದೂರ ಒಯ್ಯಿರಿ. ಗೋಡೆಯ ಪಕ್ಕ ಕುಳಿತಿದ್ದ ಆ ಮರಿ ಇಂಥ ಆರೈಕೆಯಿಂದ ಧೈರ್ಯದ, ಶಾಂತ ನಾಯಿಯಾಗಿ ಬೆಳೆಯಬಹುದು. ಓಡಿ ಬಂದ ಚೂಟಿಯ ಮರಿಯನ್ನು ಇದೇ ವಾರಗಳಲ್ಲಿ ಹಿತ್ತಲಿನ ಮೂಲೆಯಲ್ಲಿ ಒಂಟಿಯಾಗಿ ಕಟ್ಟಿಹಾಕಿದರೆ, ಅದು ಬಂದವರನ್ನೆಲ್ಲ ಕಚ್ಚಲು ಹೋಗುವ ನಾಯಿಯಾಗಲೂಬಹುದು.

ಕೊನೆಯ ಮಾತು

ಎಂಟು ವಾರ ತುಂಬಿದೆ, ಎರಡೂ ಆರೋಗ್ಯವಾಗಿವೆ, ಎರಡೂ ಮನುಷ್ಯರೊಡನೆ ಬೆರೆಯುತ್ತಿವೆ ಎಂದಾದರೆ, ಯಾವುದನ್ನು ತಂದರೂ ತಪ್ಪಾಗುವುದಿಲ್ಲ. ಗದ್ದಲದ, ಮಕ್ಕಳು ತುಂಬಿದ ಮನೆಯಾದರೆ ಬೇಗ ಚೇತರಿಸಿಕೊಳ್ಳುವ ಮರಿ ಹೊಂದಬಹುದು. ಅಜ್ಜ ಅಜ್ಜಿಯರಿರುವ ಶಾಂತವಾದ ಮನೆಯಾದರೆ ನಿಧಾನಿ ಮರಿಯೇ ಇರಲಿ. ಇದಕ್ಕಿಂತ ಹೆಚ್ಚಿನ ಲೆಕ್ಕಾಚಾರ ಬೇಕಿಲ್ಲ.

ಮರಿ ತರುವ ಯೋಚನೆ ಸದ್ಯಕ್ಕೆ ಇಲ್ಲದವರೂ ಒಂದು ಅಭ್ಯಾಸ ಮಾಡಬಹುದು. ನಿಮ್ಮ ಬೀದಿಯಲ್ಲಿ ತಾಯಿನಾಯಿಯೊಂದು ಮರಿಗಳೊಡನೆ ಇದ್ದರೆ, ಅದಕ್ಕೆ ತೊಂದರೆಯಾಗದಷ್ಟು ದೂರ ನಿಂತು, ಎರಡು ಮರಿಗಳನ್ನು ಗುರುತಿಟ್ಟುಕೊಂಡು ದಿನಕ್ಕೆ ಹತ್ತು ನಿಮಿಷ ಗಮನಿಸಿ. ಯಾವುದು ಮೊದಲು ಎದ್ದಿತು, ಯಾವುದು ಸದ್ದಿಗೆ ಬೆಚ್ಚಿತು, ಯಾವುದು ಆಟ ಶುರುಮಾಡಿತು ಎಂದು ನೋಟ್ ಪುಸ್ತಕದಲ್ಲಿ ದಿನಾಂಕ ಹಾಕಿ ಬರೆಯಿರಿ. ಮೊದಲ ದಿನ ಅವುಗಳ ಬಗ್ಗೆ ನೀವು ಮಾಡಿದ ತೀರ್ಮಾನವನ್ನು ಹದಿನೈದನೆಯ ದಿನದ ಟಿಪ್ಪಣಿಯೊಡನೆ ಹೋಲಿಸಿ ನೋಡಿ. ಮರಿ ಆರಿಸುವ ದಿನ ಬಂದಾಗ ಆ ಪುಸ್ತಕ ನಿಮಗೆ ನೆರವಾದೀತು.